ಬಾಡಿಗೆ ಕಾರು ಮತ್ತು ಪರದೇಶದ ದಂಡ: ಇಳಕಲ್ ಸೀಮೆಯನ್ನು ವಿಶೇಷವಾಗಿ ಅನುಲಕ್ಷಿಸಿ ಒಂದು ಬಹುಶಿಸ್ತೀಯ ಅನುಸಂಧಾನ

ಅಧ್ಯಯನದ ವ್ಯಾಪ್ತಿ, ಮಿತಿ, ತಾತ್ವಿಕ ನೆಲೆಗಟ್ಟು ಇವುಗಳನ್ನು ವಿಚಾರ ಸಂಕಿರಣಗಳಲ್ಲಿ ಕೇಳಿ ಕೇಳಿ ಹೈರಾಣಾದವರು ನೇರವಾಗಿ ಮೂರನೇ ಪ್ಯಾರಾಕ್ಕೆ ಹೋಗಬಹುದು. ಉಳಿದವರು ಕೂತಿರಿ, ಊಟ ಒಂದೂವರೆಗೆ.

ಬಾಗಲಕೋಟೆ ಜಿಲ್ಲೆಯಲ್ಲಿ ಮಂಡಿಸುವ ಯಾವುದೇ ಪ್ರಬಂಧ, ಅದು ಉಳ್ಳಾಗಡ್ಡಿ ಬೆಳೆಯ ಮೇಲಿದ್ದರೂ, ಎರಡನೇ ಪ್ಯಾರಾದೊಳಗೆ ಬಾದಾಮಿ ಚಾಲುಕ್ಯರನ್ನು ಮುಟ್ಟತಕ್ಕದ್ದು. ಮುಟ್ಟುತ್ತಿದ್ದೇವೆ. ಹರ್ಷವರ್ಧನನನ್ನು ನರ್ಮದೆಯಿಂದ ಈಚೆ ಬರಗೊಡದ ಇಮ್ಮಡಿ ಪುಲಕೇಶಿಯೇ ‘ನಿರ್ಬಂಧಿತ ಸಂಚಾರ ವಲಯ’ ಎಂಬ ಪರಿಕಲ್ಪನೆಯ ಮೂಲಪುರುಷ. ಸದರಿ ಪ್ರಕರಣವನ್ನು ಐಹೊಳೆಯ ಮೇಗುಟಿಯಲ್ಲಿ 634ರಲ್ಲಿ ದಾಖಲಿಸಿದ ರವಿಕೀರ್ತಿಯನ್ನು ಆದ್ಯ ಸಂಚಾರಿ ಕ್ಯಾಮೆರಾ ಎಂದು ಪರಿಭಾವಿಸಬಹುದು. ಇಂಥ ವಲಯಗಳು ಈಗ ಇಟಲಿಯ ಹಳೆಯ ಪಟ್ಟಣಗಳ ನಡುಮಧ್ಯದಲ್ಲಿವೆ. ಫ್ಲಾರೆನ್ಸ್, ಪೀಸಾ, ಸಿಯೆನಾ. ಎಷ್ಟೋ ಕಡೆ ಅಡ್ಡಗಂಬವೂ ಇಲ್ಲ, ಕಾವಲಿನವನೂ ಇಲ್ಲ. ಒಂದು ಫಲಕ, ಒಂದು ಕ್ಯಾಮೆರಾ. ಪರವಾನಗಿ ಇಲ್ಲದ ಕಾರು ಒಳಹೊಕ್ಕರೆ ನಂಬರ್ ಪ್ಲೇಟಿನ ಫೋಟೊ, ಅಷ್ಟೇ.

ದಂಡ ಏಳು ವಿಧ. ಮೊದಲನೆಯದು ಪ್ರತ್ಯಕ್ಷ ದಂಡ. ಹುನಗುಂದ ಕ್ರಾಸಿನಲ್ಲಿ ಪೊಲೀಸಪ್ಪ ಎದುರಿಗೇ ನಿಂತಿರುತ್ತಾನೆ. ಹೆಲ್ಮೆಟ್ ಇಲ್ಲದ್ದಕ್ಕೆ ಕೇಂದ್ರದ ಕಾಯ್ದೆ ಸಾವಿರ ರೂಪಾಯಿ ಎನ್ನುತ್ತದೆ. ಕರ್ನಾಟಕ 2019ರ ಸೆಪ್ಟೆಂಬರಿನಲ್ಲಿ ಅದನ್ನು 500ಕ್ಕೆ ಇಳಿಸಿತು. ಇಲ್ಲಿ ವಾದ, ವಿನಂತಿ, “ಯಾರ ಮಗಾನಪಾ ನೀ” ಎಂಬ ವಂಶಾವಳಿ ಶೋಧ ಎಲ್ಲಕ್ಕೂ ಅವಕಾಶವಿದೆ.

ಎರಡನೆಯದು ಪರೋಕ್ಷ ದಂಡ, ಮೊಬೈಲಿಗೆ ಬರುವಂಥದ್ದು. ಇದರ ಶಾಸ್ತ್ರೀಯ ಲಕ್ಷಣ ಕಾಯುವಿಕೆ. 2023ರ ಫೆಬ್ರುವರಿಯಲ್ಲಿ, ಮತ್ತೆ 2025ರ ಆಗಸ್ಟ್‌ನಲ್ಲಿ, ನಮ್ಮ ಸರ್ಕಾರ ಬಾಕಿ ದಂಡಕ್ಕೆ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಿತು. ಅಂಜಿ ಮೊದಲೇ ಕಟ್ಟಿದವನಿಗೆ ಏನೂ ಇಲ್ಲ. ಇಟಲಿಯಲ್ಲಿ ಕಾಗದ ಕೈಸೇರಿದ ಐದು ದಿನದೊಳಗೆ ಕಟ್ಟಿದವನಿಗೆ ಶೇಕಡಾ 30 ಕಡಿತ. ನಿಧಾನವನ್ನು ಗೌರವಿಸುವ ಸಂಸ್ಕೃತಿ, ಅವಸರವನ್ನು ಗೌರವಿಸುವ ಸಂಸ್ಕೃತಿ: ಇವೆರಡರ ಮುಖಾಮುಖಿಯ ಮೇಲೆ ಯಾರಾದರೂ ಪಿಎಚ್.ಡಿ. ಮಾಡಲಿ, ನಮಗೆ ಆಗದು.

ಮೂರನೆಯದೇ ಪ್ರಕೃತ ವಿಷಯವಾದ ಜನ್ಮಾಂತರ ದಂಡ. ಕ್ಷೇತ್ರಕಾರ್ಯಕ್ಕೆ ಸಿಕ್ಕ ಮಾಹಿತಿದಾರರು ಇಳಕಲ್ಲಿನ ಒಬ್ಬ ಸೀರೆ ವ್ಯಾಪಾರಿ. ಹೆಸರು ಹಾಕಬೇಡಿ ಅಂದಿದ್ದಾರೆ. “ಮಗಾ ಬೆಂಗಳೂರಾಗ ಅದಾನ್ರಿ. ಹ್ವಾದ ವರ್ಷ ಸೊಸೀನ ಕರ್ಕೊಂಡು ಇಟಲಿಗೆ ಹೋಗಿದ್ದ, ಅಲ್ಲಿ ಕಾರು ಬಾಡಿಗಿ ಹಿಡಿದಿದ್ದ. ಈಗ ಪೋಸ್ಟಿನವ ಬಂದು ಸಹಿ ಮಾಡ್ರಿ ಅಂದ. ಇಟಲಿ ಸರಕಾರದ್ದು ಅಂದಕೂಡ್ಲೇ ನಮ್ಮಾಕಿ ದೇವರ ಮುಂದ ಹೋಗಿ ಕುಂತ್ಲು.” ಮಗ ಹೊರಡುವ ಮುಂಚೆ ಬಾಗಲಕೋಟೆ ಆರ್‌ಟಿಒದಲ್ಲಿ ಸಾವಿರ ರೂಪಾಯಿ ಕಟ್ಟಿ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿದ್ದ. ಅದರಲ್ಲಿ ಇಳಕಲ್ಲಿನ ವಿಳಾಸವೇ ಇತ್ತು. ಆ ಪರವಾನಗಿಯ ಆಯುಷ್ಯ ಒಂದು ವರ್ಷ. ಹೊರದೇಶದವನಿಗೆ ದಂಡದ ಕಾಗದ ತಲುಪಿಸಲು ಇಟಲಿಯ ಕಾನೂನಿನಲ್ಲಿ 360 ದಿನದ ಗಡುವು, ಅದೂ ಚಾಲಕ ಯಾರೆಂದು ಗೊತ್ತಾದಂದಿನಿಂದ. ಪರವಾನಗಿ ತೀರಿಕೊಂಡರೂ ದಂಡ ಜೀವಂತ. ಕರ್ಮಸಿದ್ಧಾಂತಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಕೇ?

ಲಕೋಟೆಗಿಂತ ಮೊದಲೇ ಮಗನ ಕ್ರೆಡಿಟ್ ಕಾರ್ಡಿನಿಂದ ನಲವತ್ತು ಚಿಲ್ಲರೆ ಯೂರೊ ಹೋಗಿತ್ತು. ದಂಡ ಹೋಯಿತು ಅಂದುಕೊಂಡು ಸುಮ್ಮನಾಗಿದ್ದ. ಅಲ್ಲ, ಅದು ಬಾಡಿಗೆ ಕಂಪನಿಯ ‘ಆಡಳಿತಾತ್ಮಕ ಪ್ರಕ್ರಿಯಾ ಸೇವಾ ಶುಲ್ಕ’. ಪೊಲೀಸರು ಕಾರು ಯಾರ ಕೈಯಲ್ಲಿತ್ತು ಎಂದು ಕೇಳಿದ್ದಾರೆ, ಕಂಪನಿ ಹೇಳಿದೆ. ಆ ಹೇಳಿಕೆಯ ಬೆಲೆ ಅದು. ನಾವು ಇದನ್ನು ನಾಮೋಚ್ಚಾರಣ ಶುಲ್ಕ ಎಂದು ಕರೆಯುತ್ತೇವೆ. ನಮ್ಮ ಮೋಟಾರು ವಾಹನ ಕಾಯ್ದೆಯ 133ನೇ ಕಲಮೂ ಪೊಲೀಸರು ಕೇಳಿದರೆ ಚಾಲಕನ ಹೆಸರು ಹೇಳು ಎಂದು ಮಾಲೀಕನಿಗೆ ಹೇಳುತ್ತದೆ, ಹೇಳಿದ್ದಕ್ಕೆ ಬಿಲ್ ಮಾಡು ಎನ್ನುವುದಿಲ್ಲ. ಕರಾರುಪತ್ರದ ಇರುವೆ ಅಕ್ಷರಗಳಲ್ಲಿ ಎಲ್ಲ ಇತ್ತಂತೆ. ಇಪ್ಪತ್ತು ತಾಸು ಪ್ರಯಾಣ ಮಾಡಿ, ಹಿಂದೆ ಸಾಲು ನಿಂತಿರುವಾಗ ಅದನ್ನು ಓದಿ ಸಹಿ ಮಾಡುವವನು ಯಾರು? ಅದು ಗೊತ್ತಿದ್ದೇ ಹಾಗೆ ಬರೆದಿರುತ್ತಾರೆ. ವಲಯದೊಳಗಿನ ಹೋಟೆಲಿನಲ್ಲಿ ಇಳಿಯುವವರು ಕಾರಿನ ನಂಬರನ್ನು ಹೋಟೆಲಿನವರಿಗೆ ಮೊದಲೇ ಕೊಟ್ಟರೆ ಎಷ್ಟೋ ಕಡೆ ಅವರೇ ಅನುಮತಿ ಮಾಡಿಸುತ್ತಾರೆ. ಈ ಒಂದು ಮಾತನ್ನು ಬಾಡಿಗೆ ಕೌಂಟರಿನಲ್ಲಿ ಬಾಯಿಬಿಟ್ಟು ಹೇಳಲು ಎಷ್ಟು ಯೂರೊ ಬೀಳುತ್ತಿತ್ತು?

ಉಳಿದ ನಾಲ್ಕು ವಿಧಗಳನ್ನು ಕೈಬಿಟ್ಟಿದ್ದೇವೆ.

ಲಕೋಟೆಯಲ್ಲಿ ಫೋಟೊ ಇತ್ತು. ಕಾರಿನ ಹಿಂಭಾಗ, ಪ್ಲೇಟು, ಸೆಕೆಂಡು ಸಹಿತ ವೇಳೆ. ವ್ಯಾಪಾರಿ ಅದನ್ನು ಬಿಲ್ ಪುಸ್ತಕದ ಮೇಲಿಟ್ಟು ಬಹಳ ಹೊತ್ತು ನೋಡಿದರು. “ಎಷ್ಟು ಚಂದ ಕಾಣ್ತದ ನೋಡ್ರಿ ಹಿಂದಿನ ದೀಪ” ಅಂದರು. ಅವರ ತಮ್ಮ ಎನ್‌ಎಚ್ 50ರಲ್ಲಿ, ಹುನಗುಂದದಿಂದ ರಾತ್ರಿ ಬರುವಾಗ, ಕಬ್ಬು ಹೇರಿ ರಸ್ತೆಯಲ್ಲೇ ನಿಂತಿದ್ದ ಟ್ರ್ಯಾಲಿಗೆ ಬೈಕ್ ಬಡಿದು ತೀರಿಕೊಂಡವನು. ಟ್ರ್ಯಾಲಿಗೆ ಕೆಂಪು ದೀಪ ಇರಲಿಲ್ಲ, ಹೊಳೆಯುವ ಪಟ್ಟಿ ಇರಲಿಲ್ಲ, ನಂಬರೂ ಇರಲಿಲ್ಲ. ಕಬ್ಬು ನುರಿಸುವ ಹಂಗಾಮು ಬಂತೆಂದರೆ ಈ ಜಿಲ್ಲೆಯಲ್ಲಿ ಪ್ರತಿ ರಾತ್ರಿ ಅಂಥವು ಜೋಡಿ ಟ್ರ್ಯಾಲಿ ಕಟ್ಟಿಕೊಂಡು ಕತ್ತಲಲ್ಲಿ ಹೋಗುತ್ತವೆ. ಎಲ್ಲರಿಗೂ ಗೊತ್ತು. ಕ್ಯಾಮೆರಾ ಬೇಡ, ಕ್ಯಾಮೆರಾ ಕೇಳುತ್ತಿಲ್ಲ. ಪ್ರತಿ ಟ್ರ್ಯಾಲಿಯೂ ಕಾರ್ಖಾನೆಯ ಕಾಟಾ ಮೇಲೆ ನಿಲ್ಲಲೇಬೇಕು, ತೂಕ ಮಾಡುವವನು ಅಲ್ಲೇ ಇರುತ್ತಾನೆ. ದೀಪ ಇಲ್ಲದ್ದನ್ನು ತೂಗುವುದಿಲ್ಲ ಎಂದು ಕಾರ್ಖಾನೆಯವರು ಒಂದು ಹಂಗಾಮಿಗಾದರೂ ಹಟ ಹಿಡಿಯಲಿ.