ಹೋದವರ ಲಾಗಿನ್, ಬಂದವರ ಪಾಡು

ರಾಜಾಜಿನಗರದಲ್ಲಿ ವಿಳಾಸ ಹುಡುಕಿ ಬೆವರಿಳಿಸಿದವರಿಗೆ ಕಂಪ್ಯೂಟರ್ ಡೈರೆಕ್ಟರಿಯ ಪಾಠ ಬೇರೆ ಬೇಕಿಲ್ಲ. ಮನೆ ನಂಬರು, ಕ್ರಾಸು, ಮೇನು, ಬ್ಲಾಕು ಅಂತ ಚಿಕ್ಕದರಿಂದ ದೊಡ್ಡದಕ್ಕೆ ಹೋಗ್ತೀವಲ್ಲ, ಆಫೀಸಿನವರ ಲಾಗಿನ್, ಪರ್ಮಿಷನ್‌ಗಳ ಲೆಕ್ಕವಿಡುವ ಆ್ಯಕ್ಟಿವ್ ಡೈರೆಕ್ಟರಿಯಲ್ಲೂ ಅದೇ ದಾರಿ: ಮೊದಲು ಆಸಾಮಿಯ ಹೆಸರು, ಆಮೇಲೆ ವಿಭಾಗ, ಕೊನೆಗೆ ಕಂಪನಿಯ ಡೊಮೇನ್. ಇಂಥ ಡೈರೆಕ್ಟರಿಗೆ ಎಕ್ಸ್.500 ಎಂಬ ಮಾನದಂಡ ಬಂದದ್ದು 1988ರಲ್ಲಿ. ಅದು ತೀರಾ ಭಾರವಾಯಿತೆಂದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು 1993ರಲ್ಲಿ ಎಲ್‌ಡ್ಯಾಪ್ ಎಂಬ ಹಗುರ ವಿಧಾನ ತಂದರು. ವಿಂಡೋಸ್ 2000ದ ಜೊತೆ ಬಂದ ಆ್ಯಕ್ಟಿವ್ ಡೈರೆಕ್ಟರಿ ಅದನ್ನೇ ನೆಚ್ಚಿಕೊಂಡಿತು.

ವ್ಯವಸ್ಥೆಯೇನೋ ಚೊಕ್ಕ. ಅದನ್ನು ಬಳಸುವವರು ನಾವು!

ಕೆಂಗೇರಿ ಕಡೆಯ ಟೆಕ್ ಪಾರ್ಕಿಗೆ ಹೊಸದಾಗಿ ಸೇರಿದ ಹುಡುಗಿಗೆ ಲಾಗಿನ್ ಬೇಕೆಂದರೆ ಟಿಕೆಟ್ ಹಾಕಬೇಕು, ಮ್ಯಾನೇಜರ್ ಅಪ್ರೂವ್ ಮಾಡಬೇಕು, ಆ ಮ್ಯಾನೇಜರ್ ಅವತ್ತೇ ರಜೆ ಹಾಕಿರಬೇಕು. ಅಲ್ಲಿಯವರೆಗೆ?

‘ಸರ್, ನಿಮ್ಮ ಪಾಸ್‌ವರ್ಡ್ ಸ್ವಲ್ಪ ಕೊಡ್ತೀರಾ?’

‘ಮಾನಿಟರಿಗೇ ಅಂಟಿಸಿದೀನಿ ನೋಡಮ್ಮ.’

ಮೂರು ತಿಂಗಳಿಗೊಮ್ಮೆ ಬದಲಿಸಿ ಎಂದರೆ ಯುಗಾದಿಗೆ ‘ಯುಗಾದಿ’, ದಸರೆಗೆ ‘ದಸರಾ’. ಕಳ್ಳನಿಗೆ ಪಂಚಾಂಗವೊಂದಿದ್ದರೆ ಸಾಕು. ಸುಮ್ಮಸುಮ್ಮನೆ ಹೀಗೆ ಬದಲಿಸಬೇಡಿ ಎಂದು ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲೇ ಹೇಳಿತು. ನಮ್ಮ ಎಷ್ಟೋ ಆಫೀಸುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಇನ್ನು ಹಳಬರು. ಅಕೌಂಟ್ಸಿನಿಂದ ಪರ್ಚೇಸಿಗೆ, ಅಲ್ಲಿಂದ ಸ್ಟೋರಿಗೆ ಹೋದವರ ಹಿಂದೆ ಮೂರೂ ವಿಭಾಗದ ಪರ್ಮಿಷನ್ ಹೋಗುತ್ತದೆ. ಆರ್ಡರ್ ಹಾಕುವವರೂ ಅವರೇ, ಮಾಲು ಬಂತೆನ್ನುವವರೂ ಅವರೇ, ಬಿಲ್ ಪಾಸು ಮಾಡುವವರೂ ಅವರೇ. ಕೆಲಸವನ್ನೇ ಬಿಟ್ಟವರ ಕಥೆ ಇನ್ನೂ ಸೊಗಸು: ಹಾರ ಹಾಕಿ, ಕೇಕ್ ತಿಂದು, ಗ್ರೂಪ್ ಫೋಟೊ ತೆಗೆದರೂ ಅಕೌಂಟ್ ಮುಚ್ಚುವುದು ಯಾರಿಗೂ ನೆನಪಾಗಲ್ಲ. ಮನುಷ್ಯ ವಿಜಯನಗರದಲ್ಲಿ ಸ್ವಂತ ಅಂಗಡಿ ಇಟ್ಟಿರುತ್ತಾನೆ, ಹಳೇ ಕಂಪನಿಯ ರೇಟ್ ಪಟ್ಟಿ ಅವನ ಮೊಬೈಲಿನಲ್ಲಿ ತೆರೆದುಕೊಳ್ಳುತ್ತಲೇ ಇರುತ್ತದೆ.

ಸರ್ಕಾರಿ ಕಚೇರಿ ಎಂದರೆ ಮೂಗು ಮುರಿಯುವ ಐಟಿ ಬಂಧುಗಳೇ, ಒಂದು ಮಾತು. ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ನಮ್ಮ ‘ಭೂಮಿ’ ಯೋಜನೆಯಲ್ಲಿ, ಇಪ್ಪತ್ತು ವರ್ಷಕ್ಕೂ ಹಿಂದೆಯೇ, ತಾಲ್ಲೂಕು ಕಚೇರಿಯ ಸಿಬ್ಬಂದಿ ಬೆರಳಚ್ಚು ಕೊಟ್ಟು ಒಳಹೋಗಬೇಕಿತ್ತು. ಯಾರು ಏನು ಮಾಡಿದರೆಂಬ ದಾಖಲೆಯೂ ಉಳಿಯುತ್ತಿತ್ತು. ಪಾಸ್‌ವರ್ಡನ್ನಾದರೆ ಚೀಟಿಯಲ್ಲಿ ಬರೆದು ಕೊಡಬಹುದು, ಬೆರಳನ್ನು ಕೊಡೋದು ಹೇಗೆ?

ಆದ್ದರಿಂದ ಎಚ್‌ಆರ್ ಮಹನೀಯರಲ್ಲಿ ಅರಿಕೆ: ಹೋಗುವವರ ಅಕೌಂಟನ್ನು ಕೊನೆಯ ದಿನದ ಸಂಜೆಯೇ ಮುಚ್ಚಿಸಿ. ಹಾರ ಮರುದಿನ ಹಾಕಿದರೂ ಯಾರೂ ಬೇಜಾರು ಮಾಡಿಕೊಳ್ಳಲ್ಲ.