ಕಡಲಿಲ್ಲದ ಊರಿನ ಹಡಗು

ಸಮುದ್ರದ ಮೇಲೆ ಹೋಗುವಾಗ ಹೊಟ್ಟೆ ತೊಳಸುವುದು ಲೋಕರೂಢಿ. ನೆಲದ ಮೇಲೆ ಭದ್ರವಾಗಿ ಕೂತ ಹಡಗಿನೊಳಗೆ ತೊಳಸಿದ್ದು ನನಗೊಬ್ಬನಿಗೇ ಇರಬೇಕು. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಎಂಬ ಕ್ಷಿಪಣಿ ದೋಣಿಯನ್ನು ನಿಲ್ಲಿಸಿದ್ದಾರಲ್ಲ, ಅದರೊಳಗೆ ಕಾಲಿಟ್ಟದ್ದೇ ತಡ, ತಲೆ ಗಿರ್ರೆಂದಿತು. “ಕೊಯಮತ್ತೂರಿನ ಸಿಂಗಾನಲ್ಲೂರು ಕೆರೆ ನೋಡಿ ಬೆಳೆದವರು, ಪಾಪ,” ಎಂದು ನನ್ನಾಕೆ ಪಕ್ಕದವರಿಗೆ ವಿವರಣೆ ಕೊಟ್ಟಳು. ತಿರುಪ್ಪೂರಿನ ಭಾವ ಮಾತ್ರ ಒಳಗೆ ನಿಲ್ಲಿಸಿದ್ದ ನಾವಿಕರ ಗೊಂಬೆಗಳ ಬಟ್ಟೆಯನ್ನೇ ದಿಟ್ಟಿಸುತ್ತಿದ್ದರು. ಬನಿಯನ್ ವ್ಯಾಪಾರದವರಿಗೆ ಸ್ವರ್ಗಕ್ಕೆ ಹೋದರೂ ಮೊದಲು ಕಾಣುವುದು ದೇವತೆಗಳ ಹೊಲಿಗೆಯೇ.

ಹೊರಗೆ ಬಂದು ಗಾಳಿ ಕುಡಿಯುತ್ತಿದ್ದಾಗ ಹಿರಿಯರೊಬ್ಬರು ಮೊಮ್ಮಗನಿಗೆ ಹೇಳುತ್ತಿದ್ದರು: “1971ರಲ್ಲಿ ಕರಾಚಿಯನ್ನು ಸುಟ್ಟದ್ದು ಇದೇ ಕಣೋ.” ಚಪಲ್ ನೌಕಾಪಡೆಗೆ ಸೇರಿದ್ದೇ 1976ರಲ್ಲಿ, ನಿವೃತ್ತಿ 2005ರಲ್ಲಿ. ಕರಾಚಿಗೆ ಮೊದಲು ನುಗ್ಗಿದವರು ಅದರ ಅಣ್ಣಂದಿರು, ನಿಪಾತ್, ನಿರ್ಘಾತ್ ಮತ್ತು ವೀರ್. ಆದರೆ ಹುಡುಗನ ಕಣ್ಣು ಅಷ್ಟು ಅರಳಿರುವಾಗ ಇಸವಿ ಹಿಡಿದು ಜಗಳಕ್ಕೆ ಹೋಗುವ ಮೇಷ್ಟ್ರಿಕೆ ನನಗೇಕೆ? ಪಕ್ಕದಲ್ಲೇ ಟುಪೊಲೆವ್ ವಿಮಾನವೂ ಇದೆ. ಅರಕ್ಕೋಣಂನಲ್ಲಿ ಇದ್ದದ್ದನ್ನು ಬಿಚ್ಚಿ ಲಾರಿಗಳಲ್ಲಿ ಹೇರಿ ತಂದದ್ದು. ತಮಿಳುನಾಡಿನಿಂದ ಬಂದು ಅಲ್ಲಿ ಸುಸ್ತಾಗಿ ಕೂತವರು ನಾವಷ್ಟೇ ಅಲ್ಲ ಎಂದು ಸಮಾಧಾನವಾಯಿತು.

“ನಮ್ಮ ಕಡೆಯೂ ಇಂಥದೊಂದು ಇರಬೇಕಿತ್ತು ಭಾವ,” ಎಂದೆ. “ನೊಯ್ಯಲ್ ಹೊಳೆಯಲ್ಲಿ ನಿಲ್ಲಿಸ್ತೀಯಾ?” ಎಂದರು. ಆ ಹೊಳೆಯಲ್ಲಿ ಕಾಗದದ ದೋಣಿ ಬಿಟ್ಟರೂ ಯಾವುದಾದರೊಂದು ಡೈಯಿಂಗ್ ಬಣ್ಣ ಹತ್ತಿಸಿಕೊಂಡು ದಡ ಸೇರುತ್ತಿದ್ದ ಕಾಲವೊಂದಿತ್ತು. ಮಾತು ಅಲ್ಲಿಗೇ ನಿಂತಿತು.

ಊರಿಗೆ ಮರಳುವ ದಾರಿಯಲ್ಲಿ ಹೊಳೆಯಿತು, ನಮ್ಮಲ್ಲೂ ಇದೆಯಲ್ಲ! ಕೊಯಮತ್ತೂರಿನ ಸೆಂಟ್ರಲ್ ಜೈಲಿನ ಆವರಣದಲ್ಲಿ ಕಾಪಾಡಿಟ್ಟಿರುವ ಕಲ್ಲಿನ ಗಾಣ. ಗಾಣಕ್ಕೂ ಹಡಗಿಗೂ ಏನು ನಂಟು ಎನ್ನಬೇಡಿ. ವಕೀಲ ವ.ಉ. ಚಿದಂಬರಂ ಪಿಳ್ಳೆ 1906ರಲ್ಲಿ ತೂತ್ತುಕುಡಿಯಲ್ಲಿ ಸ್ವದೇಶಿ ಸ್ಟೀಮ್ ನ್ಯಾವಿಗೇಶನ್ ಕಂಪನಿ ತೆರೆದರು. ಬಂಡವಾಳ 10 ಲಕ್ಷ, 25 ರೂಪಾಯಿಯ 40,000 ಷೇರು. ಗ್ಯಾಲಿಯಾ, ಲಾವೋ ಎಂಬ ಎರಡು ಹಡಗು ತರಿಸಿ ಕೊಲಂಬೊಗೆ ಓಡಿಸಿದರು. ಬಿಳಿಯರ ಕಂಪನಿ ಟಿಕೆಟ್ಟನ್ನು ಒಂದು ರೂಪಾಯಿಗೆ ಇಳಿಸಿತು. ಇವರು ಎಂಟಾಣೆ ಅಂದರು. ಅವರು ಪುಕ್ಕಟೆ ಕರೆದೊಯ್ದು ಕೈಗೊಂದು ಕೊಡೆಯನ್ನೂ ಕೊಡುತ್ತೇವೆ ಅಂದರಂತೆ! ಆಡಿ ತಿಂಗಳ ರಿಯಾಯಿತಿಯನ್ನು ತಾವೇ ಕಂಡುಹಿಡಿದಂತೆ ಬೀಗುವ ನಮ್ಮ ಜವಳಿ ಅಂಗಡಿಯವರು ಇದನ್ನು ಓದಬೇಕು.

ಕೊಡೆಗೂ ಬಗ್ಗದವರನ್ನು ಬಗ್ಗಿಸಲು ಸರಕಾರವೇ ಬಂತು. 1908ರಲ್ಲಿ ರಾಜದ್ರೋಹದ ಮೊಕದ್ದಮೆ, ನಲವತ್ತು ವರ್ಷದ ಶಿಕ್ಷೆ. ಮೇಲ್ಮನವಿಯಲ್ಲಿ ಅದು ಇಳಿಯಿತು. ಕೊಯಮತ್ತೂರಿನ ಜೈಲಿನಲ್ಲಿ ಈ ವಕೀಲರನ್ನು ಎತ್ತಿನ ಜಾಗದಲ್ಲಿ ಗಾಣಕ್ಕೆ ಕಟ್ಟಿದರು. ಕೊಲಂಬೊಗೆ ಹಡಗು ಓಡಿಸಿದ ಮನುಷ್ಯ ಒಂದೇ ಕಲ್ಲಿನ ಸುತ್ತ ಸುತ್ತುತ್ತಿದ್ದ. 1911ರಲ್ಲಿ ಕಂಪನಿ ಮುಚ್ಚಿತು. 1912ರ ಡಿಸೆಂಬರಿನಲ್ಲಿ ಅವರು ಕಣ್ಣೂರು ಜೈಲಿನಿಂದ ಹೊರಬಂದಾಗ ಅವರ ಹಡಗುಗಳು ಅವರವಾಗಿ ಉಳಿದಿರಲಿಲ್ಲ.

ಈ ಕತೆಯನ್ನು ನನಗೆ ಕಲಿಸಿದ್ದು ಪುಸ್ತಕವಲ್ಲ, ಸಿನಿಮಾ. 1961ರ ‘ಕಪ್ಪಲೋಟ್ಟಿಯ ತಮಿಳನ್’. ಶಿವಾಜಿ ಗಣೇಶನ್ ಚಿದಂಬರಂ ಪಿಳ್ಳೆ. ನಿರ್ದೇಶಕರು ಯಾರು ಗೊತ್ತೇ? ನಮ್ಮ ಬಿ.ಆರ್. ಪಂತುಲು. ಅದೇ ವರ್ಷ ಅವರು ‘ಕಿತ್ತೂರು ಚೆನ್ನಮ್ಮ’ನನ್ನೂ ತೆರೆಗೆ ತಂದಿದ್ದರು. ಬಿಳಿಯರನ್ನು ಒಂದೇ ವರ್ಷದಲ್ಲಿ ಎರಡು ಭಾಷೆಯಲ್ಲಿ ತರಾಟೆಗೆ ತೆಗೆದುಕೊಂಡ ಪುಣ್ಯಾತ್ಮ!

ಭಾವನವರ ಬನಿಯನ್ ಪೆಟ್ಟಿಗೆಗಳು ಪರದೇಶಕ್ಕೆ ಹಡಗು ಹತ್ತುವುದು ತೂತ್ತುಕುಡಿಯಲ್ಲೇ. ಆ ಬಂದರಿಗೆ 2011ರಿಂದ ವ.ಉ. ಚಿದಂಬರನಾರ್ ಬಂದರು ಎಂದು ಹೆಸರು. ಬಿಲ್ಲಿನ ಮೇಲೆ ಆ ಹೆಸರನ್ನು ಅದೆಷ್ಟು ಸಲ ಬರೆದಿದ್ದರೋ ಭಾವ, ಜೈಲಿನ ಗಾಣವನ್ನು ಮಾತ್ರ ನೋಡಿರಲಿಲ್ಲ. ಕಾರವಾರಕ್ಕಾದರೆ ಎರಡು ರಾಜ್ಯ ದಾಟಿ ಬಂದರು.

ಕೊಯಮತ್ತೂರಿನ ಗಾಂಧಿಪುರದ ನಿಲ್ದಾಣದಲ್ಲಿ ಮೈಸೂರು ಬಸ್ಸಿಗೆ ಕಾಯುತ್ತ ಎರಡನೆಯ ಕಾಫಿ ಕುಡಿಯುವ ಕನ್ನಡದವರೇ, ಜೈಲು ಅಲ್ಲಿಗೆ ಹತ್ತಿರವೇ ಇದೆ. ಮುಂದಿನ ಸಲ ಗಾಣ ನೋಡಲು ಬಿಡುತ್ತಾರೆಯೇ ಎಂದು ಒಮ್ಮೆ ವಿಚಾರಿಸಿ.