ಷಡ್ಡಕರ ಪಿಯಾನೋ ಮೀಮಾಂಸೆ

ನಮ್ಮ ಷಡ್ಡಕರ ಮನೆ ಯಲಹಂಕ ಉಪನಗರದಲ್ಲಿ. ಇಂಥವರೊಬ್ಬರು ನಿಮ್ಮ ನೆಂಟರಲ್ಲೂ ಇದ್ದೇ ಇರುತ್ತಾರೆ: ಮಿಕ್ಸಿ ಕೊಳ್ಳುವ ಮೊದಲು ಅದರ ಮೋಟಾರಿನ ಜಾತಕ ನೋಡುವವರು. ಮಗಳನ್ನು ಆರ್.ಟಿ. ನಗರದಲ್ಲಿ ಪಿಯಾನೋ ಪಾಠಕ್ಕೆ ಸೇರಿಸಿ ಎರಡು ವರ್ಷವಾಯಿತು. ಮನೆಗೆ ತರುವುದು ಡಿಜಿಟಲ್ ಪಿಯಾನೋವೋ, ಅರೇಂಜರ್ ಕೀಬೋರ್ಡೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಹುಡುಗಿ ಊಟದ ಮೇಜಿನ ಮೇಲೆ ಬೆರಳಾಡಿಸಿ ಅಭ್ಯಾಸ ಮಾಡುತ್ತಾಳೆ. ಸಾರು ತುಳುಕಿದರೆ ತಾಳ ತಪ್ಪಿತೆಂದು ಲೆಕ್ಕ.

ಪಾಂಡಿತ್ಯವೇನೋ ಸುಳ್ಳಲ್ಲ. ಪಿಯಾನೋಗೆ 88 ಕೀ, ಅರೇಂಜರಿಗೆ ಸಾಮಾನ್ಯವಾಗಿ 61. ಒಳ್ಳೆಯ ಡಿಜಿಟಲ್ ಪಿಯಾನೋದ ಕೀ ಎಡಗಡೆ ಭಾರ, ಬಲಕ್ಕೆ ಬಂದಂತೆ ಹಗುರ. ಬೆರಳು ಪಳಗುವುದು ಅದರಲ್ಲೇ. ಅರೇಂಜರಿನಲ್ಲಾದರೆ ಎಡಗೈಯಲ್ಲೊಂದು ಕಾರ್ಡ್ ಹಿಡಿದರೆ ಸಾಕು, ಡ್ರಮ್ಸು, ಗಿಟಾರು ಸಮೇತ ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾವೇ ಎದ್ದು ಕೂರುತ್ತದೆ.

“ಪಿಯಾನೋ ಒಂಟಿ ಸಂಸಾರ ಕಣಯ್ಯಾ. ಅರೇಂಜರ್ ಕೂಡುಕುಟುಂಬ. ಯಾರು ದುಡೀತಿದ್ದಾರೆ, ಯಾರು ಸುಮ್ಮನೆ ಕೂತಿದ್ದಾರೆ ಗೊತ್ತಾಗಲ್ಲ.”

“ಹಾಗಾದ್ರೆ ಪಿಯಾನೋನೇ ತಗೊಳ್ಳಿ ಅಣ್ಣಾ.”

“ಗಮಕಕ್ಕೆ ಪಿಚ್ ಬೆಂಡ್ ಚಕ್ರ ಬೇಡವೇ? ಚೆನ್ನೈನ ಕೀಬೋರ್ಡ್ ಸತ್ಯನಾರಾಯಣನ್ ಕಛೇರಿ ಕೇಳಿಲ್ವೇ ನೀನು?”

ಮಗಳು ಕಲಿಯುತ್ತಿರುವುದು ಪಾಶ್ಚಾತ್ಯ ಸಂಗೀತ ಎಂದೆ. “ಮುಂದೆ ಮನಸ್ಸು ಬದಲಾದ್ರೆ?” ಎಂದರು. ಹುಡುಗಿಯದಿರಲಿ, ಇವರದು ಆಗಲೇ ಬದಲಾಗಿತ್ತು.

ಒಂದು ಭಾನುವಾರ ನನ್ನನ್ನೂ ಯಶವಂತಪುರದ ಕಡೆಯ ಅಂಗಡಿಯೊಂದಕ್ಕೆ ಎಳೆದೊಯ್ದರು. ಜೇಬಿನಿಂದ ಹಳೆಯ ದಪ್ಪ 5 ರೂಪಾಯಿ ನಾಣ್ಯಗಳನ್ನು ತೆಗೆದು ಕೀ ಮೇಲೆ ಒಂದರ ಮೇಲೊಂದು ಪೇರಿಸತೊಡಗಿದರು. ನಾಣ್ಯವೊಂದಕ್ಕೆ 9 ಗ್ರಾಂ. ಎಷ್ಟನೆಯದಕ್ಕೆ ಕೀ ಕುಸಿಯುತ್ತದೋ ಅಷ್ಟು ಅದರ ಭಾರ. ಎಂಟನೆಯದಕ್ಕೆ ಕುಸಿಯಿತು. ಅಂಗಡಿಯ ಹುಡುಗ ಮಂಗಳಾರತಿ ತಟ್ಟೆಗೆ ಕಾಸು ಬಿದ್ದಂತೆ ಭಕ್ತಿಯಿಂದ ನಿಂತಿದ್ದ. ಷಡ್ಡಕರು ನಲವತ್ತು ರೂಪಾಯಿಯನ್ನೂ ಎಣಿಸಿ ಜೇಬಿಗಿಳಿಸಿಕೊಂಡು, “ಯೋಚಿಸಿ ಹೇಳ್ತೀನಪ್ಪ” ಎಂದರು.

ವಾಪಸು ಬರುವಾಗ ಹೆಬ್ಬಾಳದ ಮೇಲ್ಸೇತುವೆಯ ಟ್ರಾಫಿಕ್ಕಿನಲ್ಲಿ ಪಿಯಾನೋ ಎಂದು ನಿಶ್ಚಯ. ಬ್ಯಾಟರಾಯನಪುರಕ್ಕೆ ಬರುವಷ್ಟರಲ್ಲಿ ಅರೇಂಜರ್. ಜಕ್ಕೂರು ದಾಟುವಾಗ ಮತ್ತೆ ಪಿಯಾನೋ. ಅಷ್ಟರಲ್ಲಿ ಲಂಡನ್ನಿನ ಟ್ರಿನಿಟಿ ಕಾಲೇಜಿನವರು ಎಲೆಕ್ಟ್ರಾನಿಕ್ ಕೀಬೋರ್ಡಿಗೂ ಬೇರೆಯೇ ಗ್ರೇಡ್ ಪರೀಕ್ಷೆ ನಡೆಸುತ್ತಾರೆಂದು ನೆನಪಾಯಿತು. ಕಾರು ಯಲಹಂಕ ಸೇರಿತು, ತೀರ್ಮಾನ ಬ್ಯಾಟರಾಯನಪುರಕ್ಕೆ ವಾಪಸಾಯಿತು.

ಮೊನ್ನೆ ರಾತ್ರಿ ಫೋನು. “ಮುಗೀತು ಕಣಯ್ಯಾ, ತಂದೇಬಿಟ್ಟೆ!”

ಹಣ್ಣು, ಹೂವು ಹಿಡಿದು ಹೆಂಡತಿಯೊಂದಿಗೆ ಹೋದೆ. ಹಾಲಿನ ನಟ್ಟನಡುವೆ ಒಂದು ಸ್ಟೂಲು. ಎತ್ತರ ಏರಿಸಬಹುದು, ಇಳಿಸಬಹುದು, ಕಪ್ಪು ಕುಶನ್ನು.

“ಇದು ಎರಡಕ್ಕೂ ಆಗುತ್ತೆ,” ಎಂದರು ಷಡ್ಡಕರು.

ಅತ್ತಿಗೆ ಅದರ ಮೇಲೆ ಹತ್ತಿ ಅಟ್ಟದಿಂದ ಹಪ್ಪಳದ ಡಬ್ಬ ಇಳಿಸುತ್ತಿದ್ದರು.